ಗುಂಡು ಬಿದ್ದ ಜಾಗ, ಹಂದಿ ಬಿದ್ದ ಜಾಗ

ಬೇಟೆಗೆ ಹೋದವರು ಬರಿಗೈಲಿ ಬಂದಾರು, ಕತೆ ಇಲ್ಲದೆ ಬಂದದ್ದನ್ನು ನಾನು ಕಂಡಿಲ್ಲ. ಮಿಕ ಸಿಕ್ಕಿದರೆ ಒಂದು ಕತೆ, ತಪ್ಪಿಸಿಕೊಂಡರೆ ಎರಡು. ಹೊಳಲ್ಕೆರೆ ಸೀಮೆಯ ನಮ್ಮೂರಲ್ಲಿ, ಚಿಕ್ಕಜಾಜೂರಿನ ರೈಲು ಕೂಗಿದ್ದು ಕೇಳಿಸುವ ನನ್ನ ಹೊಲದ ಆಸುಪಾಸಿನಲ್ಲಿ, ತೊಂಬತ್ತರ ದಶಕದಲ್ಲಿ ಇಂಥವು ನಡೆಯದ ಸುಗ್ಗಿಯೇ ಇರಲಿಲ್ಲ.

ನನ್ನ ಕೈಲಿ ಆಗುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ನನ್ನ ಚಿಕ್ಕಪ್ಪ. ಗಂಡನ ಮನೆ ಬಿಟ್ಟು ಬಂದವಳು ಬೇಸಾಯ ಮಾಡಲಾರಳು ಎಂದ. ಕೂಲಿ ಮಾಡಿ, ಎಮ್ಮೆ ಕಟ್ಟಿ, ಮಟ್ಟಿಯ, ಅಂದರೆ ಊರ ಪಕ್ಕದ ಕುರುಚಲು ಗುಡ್ಡದ, ಬುಡದ ಬೀಳು ನೆಲ ತೆಗೆದುಕೊಂಡು ಕಲ್ಲು ಆಯ್ದು ಮೆಕ್ಕೆಜೋಳ ಬೆಳೆದೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇನ್ನೆಲ್ಲಿ ಓದು ಎಂದ. ಅಂಗಡಿಯಿಂದ ಬಂದ ಪೊಟ್ಟಣದ ಕಾಗದ ಬಿಡಿಸಿ, ಬಸ್ಸಿನ ಬೋರ್ಡು ನೋಡಿ, ಅಕ್ಷರ ಕೂಡಿಸಿ ಕೂಡಿಸಿ ಪೇಪರು ಓದುವಷ್ಟಾದೆ. ಕೊನೆಗೆ ಉಳಿದದ್ದು ಬಂದೂಕು.

ಅದು ತಾತನ ಕಾಲದ್ದು. ನಳಿಗೆಯ ಬಾಯಿಂದ ಮದ್ದು ಗಿಡಿದು, ಮೇಲೆ ಗುಂಡು ಹಾಕಿ, ಕೇಪು ಇಟ್ಟು ಹೊಡೆಯುವಂಥದ್ದು. ಬೆಳೆ ಕಾಯಲೆಂದು ಅಪ್ಪನ ಹೆಸರಲ್ಲಿ ಲೈಸೆನ್ಸಿತ್ತು. ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಅದನ್ನು ಹಿಡಿಯುತ್ತಿದ್ದವನು ಚಿಕ್ಕಪ್ಪ. ಹಿಡಿಯುವುದೂ ಅವನ ಮನೆಗೆ ನೆಂಟರು ಬಂದಾಗ ಮಾತ್ರ. ನನ್ನ ಜೋಳ ತಿನ್ನುವ ಹಂದಿಗೆ ಚಿಕ್ಕಪ್ಪನ ಮನೆಗೆ ನೆಂಟರು ಬರುವ ತನಕ ಆಯಸ್ಸು ಗಟ್ಟಿ. ಕಾದು ಕಾದು, ಬಂದೂಕು ನನ್ನ ಹೆಸರಿಗೆ ಆಗಲಿ ಎಂದೆ. ಅಪ್ಪ ಒಪ್ಪಿದ. ಆದರೆ ಅದು ಅಣ್ಣತಮ್ಮಂದಿರಿಬ್ಬರಿಗೂ ಸೇರಿದ ಪಿತ್ರಾರ್ಜಿತ. ಚಿಕ್ಕಪ್ಪ ತನ್ನದೇನೂ ತಕರಾರಿಲ್ಲ ಎಂದು ಸಹಿ ಹಾಕಬೇಕು.

"ಸದ್ದಿಗೇ ಬೆಚ್ಚಿ ಬೀಳ್ತಾಳೆ ಇವಳು. ಒಂದೇ ಗುಂಡಿಗೆ ಒಂದು ಮಿಕ ಕೆಡವಿ ತೋರಿಸ್ಲಿ, ಹಾಕ್ತೀನಿ," ಎಂದ ಚಿಕ್ಕಪ್ಪ.

ಆ ಸಹಿಯ ದಾರಿಯಲ್ಲಿ ಕಂಡ ಪ್ರಸಂಗಗಳು ಇವು.

ಬಾವಿಗೆ ಇಳಿದವರು

ಚಿಕ್ಕಪ್ಪನ ಗುರಿ ಯಾವತ್ತೂ ಹಣೆ. ಎದುರಿಗೆ ನಿಂತು ಹಣೆಗೆ ಹೊಡೆದರೇ ಗಂಡಸು ಎಂಬುದು ಅವನ ನಂಬಿಕೆ. ಹಂದಿಯ ಹಣೆಯೋ ಇಳಿಜಾರು. ಅದರ ಮೇಲೆ ಕೆಸರಲ್ಲಿ ಹೊರಳಾಡಿ ಒಣಗಿಸಿಕೊಂಡ ಮಣ್ಣಿನ ಗಿಲಾವು. ಗುಂಡು ತಗುಲಿದರೂ ಜಾರಿ ಎತ್ತಲೋ ಹೋಗುತ್ತಿತ್ತು, ಹಂದಿ ಇನ್ನೆತ್ತಲೋ.

ಒಂದು ಸಲ ಹಂಗೆ ಓಡಿದ ಹಂದಿ ಊರಾಚೆಯ ನೀರಿಲ್ಲದ ಬಾವಿಗೆ ಬಿತ್ತು. ಬೇಟೆಗೆ ಬಂದವರೆಲ್ಲ ಸುತ್ತ ನಿಂತು ಬಗ್ಗಿ ನೋಡಿದರು. ಒಳಗೆ ಕತ್ತಲು, ಸದ್ದಿಲ್ಲ. ಸತ್ತಿದೆಯೋ, ಸುಮ್ಮನೆ ಕಾಯುತ್ತಿದೆಯೋ ಹೇಳುವವರಿಲ್ಲ. ನನಗೆ ಮಾತ್ರ ಬೇರೆ ಅನುಮಾನ. ಗುಂಡು ಎಲ್ಲಿಗೆ ಬಿತ್ತು ಎಂದು ಕೇಳಿದೆ. ಹಣೆಗೆ ಎಂದ ಚಿಕ್ಕಪ್ಪ. ಹಣೆಗೆ ಬಿದ್ದಿದ್ದು ಎರಡು ಹೊಲ ದಾಟಿ ಇಲ್ಲೀತನಕ ಹೆಂಗೆ ಬಂತು ಎಂದೆ.

"ಬಾವಿ ಕಡೆಗೇ ಓಡ್ಲಿ ಅಂತ ಹೊಡ್ದೆ."

ಹಂಗಾದರೆ ಇಳಿದು ನೋಡು ಎಂದರು ಜನ. ಹೊಡೆದವನು ಇಳಿಯಬಾರದು, ಅದು ಪದ್ಧತಿ ಎಂದ. ಯಾವತ್ತಿನಿಂದ ಎಂದು ಒಬ್ಬರು ಕೇಳಿದರು. ಹಿಂದಿನಿಂದ ಇನ್ನೊಬ್ಬರು, ಈಗ್ಗೆ ಸ್ವಲ್ಪ ಹೊತ್ತಾಯ್ತು ಎಂದರು. ಒಬ್ಬನಿಗೆ ಮಂಡಿನೋವು, ಇನ್ನೊಬ್ಬನ ಹೆಂಡತಿ ಬಸುರಿ. ಅಷ್ಟರಲ್ಲಿ ಅಪ್ಪ ಪಂಚೆ ಎತ್ತಿ ಕಟ್ಟಿ, ಕೋಲು ನನ್ನ ಕೈಗೆ ಕೊಟ್ಟು, ಬಾವಿಯ ಕಲ್ಲುಮೆಟ್ಟಿಲಿಗೆ ಕಾಲು ತಡಕಾಡತೊಡಗಿದ. ಎಲ್ಲರೂ ತಡೆದರು. ನಿನಗೆ ಕಣ್ಣು ಕಾಣಲ್ಲ, ಸುಮ್ಮನಿರು ಎಂದರು.

"ಅದಕ್ಕೇ ಇಳಿತಿರೋದು ಕಣ್ರಪ್ಪ. ಹೆದರಿಕೆ ಆಗೋಕೆ ಅದು ಮೊದ್ಲು ಕಾಣಿಸ್ಬೇಕಲ್ಲ," ಎಂದ ಅಪ್ಪ.

ಅವನೇ ಇಳಿದು ತಡವಿ ನೋಡಿದ, ಸತ್ತಿತ್ತು. ಹಗ್ಗ ಕಟ್ಟಿ ಎಳೆದು ಹಾಕಿ, ಮೈಯೆಲ್ಲ ತಿರುವಿ ನೋಡಿದರೆ ಎಲ್ಲೂ ಗುಂಡಿನ ಗಾಯವಿಲ್ಲ. ಬಿದ್ದ ರಭಸಕ್ಕೆ ಕತ್ತು ಮುರಿದಿತ್ತು. ನಮ್ಮ ಕಡೆ ಪಾಲು ಹಾಕುವಾಗ ಬಂದೂಕಿಗೇ ಅಂತ ಒಂದು ಹೆಚ್ಚಿನ ಪಾಲು ಇಡುತ್ತಾರೆ. ಇವತ್ತು ಅದನ್ನು ಬಾವಿಗೆ ಕೊಡಬೇಕು ಎಂದು ಜನ ನಕ್ಕರು. ಚಿಕ್ಕಪ್ಪ ಮುಖ ಊದಿಸಿಕೊಂಡು ಆ ಪಾಲನ್ನು ಟವೆಲ್ಲಿಗೆ ಕಟ್ಟಿಕೊಂಡು, ಗುಂಡಿನ ಗಾಳಿಗೇ ಸತ್ತ ಹಂದಿ ನೀವು ನೋಡಿಲ್ಲ ಅಂತ ಕಾಣ್ತೈತೆ ಎಂದು ಹೊರಟ.

ಕಂಬಳಿ ಹೊದ್ದವರು

ಹಣೆ ತಪ್ಪಿದರೆ ಚಿಕ್ಕಪ್ಪನ ಗುಂಡು ಹೊಟ್ಟೆಗೆ ಬೀಳುತ್ತಿತ್ತು. ಹೊಟ್ಟೆಗೆ ಬಿದ್ದ ಹಂದಿ ಸಾಯುತ್ತದೆ, ಆದರೆ ನಮ್ಮೂರಲ್ಲಿ ಸಾಯುವುದಿಲ್ಲ. ಒಂದು ಹಂದಿ ಮೂರನೇ ಊರಿನ ಹಳ್ಳದಲ್ಲಿ ಸಿಕ್ಕಿತು. ಸಿಕ್ಕಾಗ ಬಿಸಿಲು ನೆತ್ತಿಗೇರಿತ್ತು. ಕರುಳು ಒಡೆದು ನಾತ ಶುರುವಾಗಿತ್ತು. ಗಾಡಿ ಕಟ್ಟಿಕೊಂಡು ಹೋಗಿ ತರುವುದಾಯಿತು.

ತೊಂದರೆ ಅದಲ್ಲ. ಮಿಕ ಊರು ಮುಟ್ಟುವ ಮೊದಲು ದಾರಿಯಲ್ಲಿ ಯಾರು ಅದರ ಮೈ ಮುಟ್ಟಿದರೂ ಅವರಿಗೆ ಒಂದು ಪಾಲು ಕೊಡಬೇಕು. ಅದು ಈ ಸೀಮೆಗೆಲ್ಲ ಗೊತ್ತಿರುವ ಕಟ್ಟಳೆ. ಎರಡು ಊರು ದಾಟಿ ಬರುವಷ್ಟರಲ್ಲಿ ನಮಗೆ ಬಾಲವೂ ಉಳಿಯುತ್ತಿರಲಿಲ್ಲ. ಚಿಕ್ಕಪ್ಪ ಉಪಾಯ ಮಾಡಿ ಹಂದಿಗೆ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದಿಸಿದ. ನಾನು ಗಾಡಿಯ ಹಿಂದೆ ತಲೆ ಮೇಲೆ ಸೆರಗು ಹಾಕಿಕೊಂಡು ನಡೆದೆ. ಬಿಸಿಲಿಗೆ ಹಾಕಿಕೊಂಡದ್ದು, ನೋಡುವವರಿಗೆ ಅದು ಬೇರೆ ಥರ ಕಂಡಿತು.

ಮೊದಲ ಊರಿನ ಅರಳಿಕಟ್ಟೆಯಲ್ಲಿ ಕುಂತವರು ಎದ್ದು ನಿಂತು ಚಪ್ಪಲಿ ಬಿಟ್ಟರು. ಒಬ್ಬ ಅಜ್ಜ, ಭಾರಿ ಆಳು ಪಾಪ, ವಯಸ್ಸೆಷ್ಟಾಗಿತ್ತವ್ವ ಎಂದು ಕೇಳಿದ. ಸುಳ್ಳು ಹೇಳಲು ನಾಲಗೆ ಬರಲಿಲ್ಲ. ನಾಲ್ಕೈದು ವರ್ಷ ಇರಬಹುದು ಎಂದೆ. ದುಃಖಕ್ಕೆ ತಲೆ ಕೆಟ್ಟಿದೆ ಇವಳಿಗೆ ಎಂದು ಅಜ್ಜ ಕಣ್ಣು ಒರೆಸಿಕೊಂಡ. ಇನ್ನೊಬ್ಬರು ಮೂಗು ಮುಚ್ಚಿಕೊಂಡು, ಮಕ್ಕಳು ದೂರದಿಂದ ಬರಬೇಕಿತ್ತೇನೋ, ಅದಕ್ಕೇ ಇಷ್ಟು ಹೊತ್ತು ಇಟ್ಟಿದ್ದಾರೆ ಎಂದರು. ಚಿಕ್ಕಪ್ಪ ಎತ್ತು ಜೋರಾಗಿ ಹೊಡೆದ.

ಎರಡನೇ ಊರಲ್ಲಿ ಒಬ್ಬ ಮುದುಕಿ ಅಡ್ಡ ಬಂದಳು. ಯಾರ ಮನೆ ಸಾವಾದರೂ ಕಣ್ಣೀರಿಗೆ ಕಮ್ಮಿ ಮಾಡುವವಳಲ್ಲ ಎಂದು ಆಮೇಲೆ ಗೊತ್ತಾಯಿತು. ಗಾಡಿ ನಿಲ್ಲಿಸಿ, ಯಾರಪ್ಪಾ ನೀನು, ನಮ್ಮನ್ನೆಲ್ಲ ಬಿಟ್ಟು ಹೊರಟೆಯಲ್ಲಪ್ಪಾ ಎಂದು ರಾಗ ತೆಗೆದು ಕಂಬಳಿಯೊಳಗೆ ಕೈ ಹಾಕಿ ಕಾಲು ಹಿಡಿದಳು. ಗೊರಸನ್ನು ಒಂದು ಸಲ ಸವರಿದಳು. ರಾಗ ನಿಂತಿತು. ಸೆರಗಲ್ಲಿ ಮುಖ ಒರೆಸಿಕೊಂಡು ಚಿಕ್ಕಪ್ಪನ ಕಡೆ ತಿರುಗಿದಳು.

"ಮುಟ್ಟೀನಪ್ಪಾ. ನನ್ನ ಪಾಲು ಇಲ್ಲೇ ಕೊಡ್ತೀಯೋ, ನಾನೇ ಗಾಡಿ ಹತ್ಲೋ?"

ಬಾಗಿಲ ಮೇಲಿನ ಹಂದಿ

ಹಣೆಗೆ ಹೊಡೆದರೆ ಜಾರುತ್ತದೆ, ಹೊಟ್ಟೆಗೆ ಹೊಡೆದರೆ ಓಡುತ್ತದೆ. ಹಾಗಾದರೆ ಎಲ್ಲಿಗೆ ಹೊಡೆಯಬೇಕು? ಇದು ನನ್ನ ತಲೆಗೆ ಹೊಕ್ಕ ಮೇಲೆ ಊಟ ರುಚಿಸಲಿಲ್ಲ. ಹಂದಿ ಕೊಯ್ಯುವ ಕಡೆಯೆಲ್ಲ ಹೋಗಿ ಕುಂತೆ. ಮಿಕ್ಕವರ ಕಣ್ಣು ತೊಡೆಯ ಮೇಲಿದ್ದರೆ ನನ್ನದು ಎದೆಗೂಡಿನೊಳಗೆ. ಗುಂಡಿಗೆ ಎಲ್ಲಿದೆ, ಪುಪ್ಪುಸ ಎಲ್ಲಿಗೆ ಮುಗಿಯುತ್ತದೆ ಎಂದು ಬೆರಳು ಹಾಕಿ ನೋಡುತ್ತಿದ್ದೆ. ಕೊಯ್ಯುವವನು ಬೇಸತ್ತು, ಅದು ಸತ್ತೈತೆ ಕಣಕ್ಕ, ಇನ್ನು ನೀನು ಔಷಧಿ ಬರೆದು ಕೊಟ್ರೂ ಏಳಲ್ಲ ಎಂದ.

ದನದ ಆಸ್ಪತ್ರೆಯ ಗೋಡೆಗೆ ಪ್ರಾಣಿಗಳ ಒಳಗನ್ನು ತೋರಿಸುವ ಚಿತ್ರಗಳಿದ್ದವು. ಎಮ್ಮೆಗೆ ಹುಷಾರಿಲ್ಲ ಎಂದು ಹೋಗಿ ಹಂದಿಯ ಮುಂದೆ ನಿಂತು ಓದಿಕೊಂಡು ಬರುತ್ತಿದ್ದೆ. ಎಮ್ಮೆ ಪಾಪ ಗಟ್ಟಿಮುಟ್ಟಾಗಿತ್ತು. ಗುಂಡಿಗೆ ನಾವು ಅಂದುಕೊಂಡಷ್ಟು ಹಿಂದಿಲ್ಲ, ಅಷ್ಟು ಮೇಲೂ ಇಲ್ಲ. ಮುಂಗಾಲಿನ ಸಂದಿನಲ್ಲಿ, ಕೆಳಗೆ, ಮೊಣಕೈಯ ಹಿಂದೆಯೇ ಅಡಗಿ ಕುಂತಿದೆ. ಹಂದಿ ಅಡ್ಡ ನಿಲ್ಲಬೇಕು, ಈ ಕಡೆಯ ಮುಂಗಾಲು ಒಂದು ಹೆಜ್ಜೆ ಮುಂದೆ ಹೋಗಬೇಕು, ಆಗ ಆ ಜಾಗ ಬಾಗಿಲು ತೆರೆದಂಗೆ ತೆರೆಯುತ್ತದೆ.

ಮರೆಯಬಾರದೆಂದು ಹಿತ್ತಲ ಬಾಗಿಲ ಮೇಲೆ ಇದ್ದಿಲಿನಲ್ಲಿ ಹಂದಿ ಬರೆದು, ಆ ಜಾಗಕ್ಕೆ ಒಂದು ಸೊನ್ನೆ ಸುತ್ತಿದೆ. ದಿನಾ ಖಾಲಿ ಬಂದೂಕು ಹಿಡಿದು ಅದಕ್ಕೆ ಗುರಿ ಕಟ್ಟುತ್ತಿದ್ದೆ. ಒಂದು ಶನಿವಾರ ಸಂತೆಯಿಂದ ಬಂದು ನೋಡಿದರೆ ಹಂದಿಗೆ ಅರಿಶಿನ ಹಚ್ಚಿದೆ, ಕಣಗಿಲೆ ಹೂವಿನ ಸರ ನೇತಾಡುತ್ತಿದೆ, ಸೊನ್ನೆಯ ನಟ್ಟನಡುವೆ ದುಂಡಗೆ ಕುಂಕುಮ. ಅವ್ವನ ಕೆಲಸ. ಮಗಳು ಕೊನೆಗೂ ದೇವರ ಕಡೆ ತಿರುಗಿ ವರಾಹಸ್ವಾಮಿಯನ್ನು ಬರೆದಿದ್ದಾಳೆ ಎಂದು ಅವಳು ಕೇರಿಯವರನ್ನೆಲ್ಲ ಕರೆದು ತೋರಿಸಿದ್ದಳು.

ಅದು ದೇವರಲ್ಲವ್ವ, ಗುರಿ ಎಂದೆ. ಅವ್ವ ಚಿತ್ರವನ್ನೂ ನನ್ನನ್ನೂ ನೋಡಿದಳು. ಪೂಜೆ ಆದಮೇಲೆ ಹಂಗನ್ನಬಾರದು ಎಂದಳು. ಕುಂಕುಮ ಇಟ್ಟಿದ್ದರಿಂದ ಗುರಿಯೇನೋ ದೂರಕ್ಕೂ ಚೆನ್ನಾಗಿ ಕಾಣತೊಡಗಿತು. ಆದರೆ ಬಂದೂಕು ಎತ್ತಿದಾಗಲೆಲ್ಲ ಹಿಂದಿನಿಂದ ಅವ್ವ ನೆನಪು ಮಾಡುತ್ತಿದ್ದಳು: ಮೊದಲು ಚಪ್ಪಲಿ ಬಿಡು.

ದುರ್ಗದ ಆಫೀಸು

ಲೈಸೆನ್ಸಿನ ಅರ್ಜಿ ಹಿಡಿದು ದುರ್ಗಕ್ಕೆ ಹೋದೆ. ಮೇಜಿನ ಹಿಂದಿದ್ದವರು ಅರ್ಜಿ ನೋಡಿ, ನನ್ನನ್ನು ನೋಡಿ, ಪಕ್ಕದ ಮೇಜಿನವರನ್ನೂ ಕರೆದು ತೋರಿಸಿದರು. ಆಮೇಲೆ ಕನ್ನಡಕ ತೆಗೆದು ನಿಧಾನಕ್ಕೆ ಕೇಳಿದರು, "ಅಲ್ಲಮ್ಮ, ದುರ್ಗದ ಹೆಣ್ಣುಮಕ್ಕಳಿಗೆ ಒನಕೆ ಸಾಲದಾ?"

"ಹಂದಿ ಕಿಂಡಿಯೊಳಗೆ ತೂರಿ ಒಂದೊಂದಾಗಿ ಬರಲ್ಲ ಸಾರ್," ಎಂದೆ.

ಪಕ್ಕದ ಮೇಜಿನವರು ನಕ್ಕರು. ಇವರು ನಗಲಿಲ್ಲ, ಆದರೆ ಕುರ್ಚಿ ತೋರಿಸಿದರು. ಬೆಳೆ ಹಾಳು ಮಾಡುವ ಹಂದಿ ಹೊಡೆಯಲು ಬೇರೆ ಅಪ್ಪಣೆ ಬೇಕು, ಹೊಡೆದ ಮೇಲೆ ತಿನ್ನುವ ಹಾಗಿಲ್ಲ, ಹೂಳಬೇಕು ಎಂದು ಕಾಯಿದೆ ಓದಿ ಹೇಳಿದರು. ಹೂಳುತ್ತೀರಾ ಎಂದು ಕೇಳಿದರು. ಹೂಳುತ್ತೇವೆ ಸಾರ್ ಎಂದೆ. ಎಲ್ಲಿ ಎಂದು ಅವರು ಕೇಳಲಿಲ್ಲ. ನಾನೂ ಹೊಟ್ಟೆ ಮುಟ್ಟಿಕೊಳ್ಳಲಿಲ್ಲ.

ಎಲ್ಲ ಸರಿಯಿದೆ, ಚಿಕ್ಕಪ್ಪನ ಸಹಿ ಒಂದು ಇಲ್ಲ, ಅದಿಲ್ಲದೆ ಬಂದೂಕು ನಿಮ್ಮದಾಗುವುದಿಲ್ಲ ಎಂದರು. ಅಪ್ಪನ ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿದೆ, ಅಷ್ಟರೊಳಗೆ ಸಹಿ ಬಾರದಿದ್ದರೆ ಠಾಣೆಗೆ ಒಪ್ಪಿಸಬೇಕಾಗುತ್ತದೆ ಎಂದು ಅರ್ಜಿ ವಾಪಸು ಕೊಟ್ಟರು. ಆ ವರ್ಷ ಜೋಳ ಹಾಲು ತುಂಬುತ್ತಿತ್ತು. ಮಟ್ಟಿಯ ಮೇಲಿಂದ ಹಂದಿಗಳು ದಿನಾ ಇಳಿಯುತ್ತಿದ್ದವು. ಬಂದೂಕು ಠಾಣೆಗೆ ಹೋದರೆ ನನ್ನ ಹೊಲ ಹಂದಿಗೆ ಹೋಗುವುದು ಖಂಡಿತ.

ಓಡದ ಹಂದಿ

ಒಂದು ರಾತ್ರಿ ಬಂದೂಕು ಹಿಡಿದು ಹೊಲದ ಅಂಚಿನ ಅಟ್ಟಣೆ ಹತ್ತಿ ಕುಂತೆ. ಸಾಕ್ಷಿಗೆಂದು ಚಿಕ್ಕಪ್ಪ, ಜಾಡು ಹಿಡಿಯುವುದರಲ್ಲಿ ಹೆಸರಾದ ಇಬ್ಬರು ಹಳಬರನ್ನು ಕರೆದುಕೊಂಡು ಬಂದು ಬದುವಿನ ಆಚೆ ಕಂಬಳಿ ಹೊದ್ದು ಕುಂತ. ಬೆಳಕು ಹರಿಯುವ ಹೊತ್ತಿಗೆ, ರಾತ್ರಿಯೆಲ್ಲ ಮೇದ ಒಂದು ಒಂಟಿ ಹಂದಿ ಮಟ್ಟಿಗೆ ವಾಪಸು ಹೊರಟು ಜೋಳದ ಸಾಲಿನ ನಡುವೆ ಅಡ್ಡ ನಿಂತಿತು. ಹಿತ್ತಲ ಬಾಗಿಲಿನಷ್ಟೇ ದೊಡ್ಡದು. ಮುಂಗಾಲು ಹಿಂದಿತ್ತು. ಕಾದೆ. ಕಾಲು ಒಂದು ಹೆಜ್ಜೆ ಮುಂದೆ ಹೋಯಿತು. ಬಂದೂಕಿನ ಕುದುರೆ ಎಳೆದೆ.

ಕಿವಿಯೊಳಗೆ ತಗಡು ಹರಿದಂಗಾಯಿತು. ಹೊಗೆ ಸುತ್ತಿ ಏನೂ ಕಾಣಲಿಲ್ಲ. ಹೊಗೆ ಹೋದ ಮೇಲೆ ನೋಡಿದರೆ ಹಂದಿ ಇಲ್ಲ. ಆಳೆತ್ತರದ ಜೋಳ ಮಾತ್ರ ನಿಂತಿತ್ತು.

ಚಿಕ್ಕಪ್ಪ ಎದ್ದು ಬಂದು ಸಮಾಧಾನ ಹೇಳಿದ. ತಪ್ಪಿದ್ದಕ್ಕೆ ಬೇಜಾರಾಗಬೇಡ, ಹೆಣ್ಣಾಳು ಇಷ್ಟು ಮಾಡಿದ್ದೇ ಹೆಚ್ಚು ಎಂದ. ಹಳಬರು ಮಾತ್ರ ಗುಂಡು ತಗುಲಿರಬಹುದು, ಜಾಡು ನೋಡೋಣ ಎಂದರು. ಚಿಕ್ಕಪ್ಪನ ಜೊತೆ ಇಷ್ಟು ವರ್ಷ ಬೇಟೆಯಾಡಿದವರು ಅವರು. ಹೊಡೆದ ಹಂದಿ ಓಡಿಯೇ ಓಡುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಹಂದಿ ನಿಂತಿದ್ದ ಕಡೆ ಕಣ್ಣು ಕೂಡ ಹಾಯಿಸದೆ ನೇರ ಹೊಲ ದಾಟಿ ಮಟ್ಟಿ ಹತ್ತಿದರು. ನಾನೂ ಬಂದೂಕು ಹೊತ್ತು ಹಿಂದೆ ಹೋದೆ.

ಮಟ್ಟಿಯ ಒಂದು ಮಗ್ಗುಲಿಗೆ ಗೊರಸಿನ ಗುರುತು ಸಿಕ್ಕಿತು. ಯಾವ ಹಂದಿಯದೋ. ಅದನ್ನು ಹಿಡಿದು ಮಟ್ಟಿಯನ್ನು ಸುತ್ತಿದೆವು. ಮುಂದೆ ಚಿಕ್ಕಪ್ಪ, ಹಿಂದೆ ನಾವು. ಬಿಸಿಲೇರಿದ ಮೇಲೆ ಹಳಬರಲ್ಲಿ ಒಬ್ಬ ಕೂಗಿದ: ಎಲೆಯ ಮೇಲೆ ಕೆಂಪು ಹನಿ. ಇನ್ನೊಂದು ಮಾರು ಹೋದರೆ ಇನ್ನೊಂದು. ಗುಂಡು ತಗುಲಿದೆ ಎಂದುಕೊಂಡೆ. ಹನಿಯ ಹಿಂದೆ ಬಿದ್ದು ಇನ್ನೊಂದು ಸುತ್ತು ಹಾಕಿದೆವು. ಹೋದಷ್ಟೂ ರಕ್ತ ಹೆಚ್ಚುತ್ತಿತ್ತು. ಇಷ್ಟು ಸುರಿಸಿದ ಮೇಲೆ ಹಂದಿ ಇನ್ನೇನು ಬಿದ್ದಿರಬೇಕು ಎಂದು ಹಳಬ ಬಗ್ಗಿ ಒಂದು ಎಲೆ ಎತ್ತಿಕೊಂಡ. ಮೂಸಿದ. ಬೆರಳಲ್ಲಿ ಉಜ್ಜಿದ.

"ಏನಪ್ಪ, ನಿನ್ನ ಅಣ್ಣನ ಮಗಳು ಹೊಡೆದ ಹಂದಿ ಅಡಿಕೆ ಅಗೀತಿತ್ತೇನು?" ಎಂದು ಚಿಕ್ಕಪ್ಪನನ್ನು ಕೇಳಿದ.

ಚಿಕ್ಕಪ್ಪ ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು ತಿರುಗಿ ನೋಡಿದ. ಮಟ್ಟಿಯನ್ನು ಎರಡನೇ ಸಲ ಸುತ್ತಿದ್ದು ನಾವು ಅವನು ಉಗಿದದ್ದರ ಹಿಂದೆ.

ಹಸಿದು, ಕಾಲು ಎಳೆದುಕೊಂಡು ಮಧ್ಯಾಹ್ನಕ್ಕೆ ಮನೆಗೆ ಬಂದೆವು. ದಾರಿಯುದ್ದಕ್ಕೂ ಚಿಕ್ಕಪ್ಪ ಬಂದೂಕನ್ನು ತನ್ನ ಹೆಸರಿಗೆ ಮಾಡಿಸುವ ಬಗೆ ಹೇಳುತ್ತಿದ್ದ. ಅವ್ವ ಕೈ ತೊಳೀರಿ, ಕುಂತ್ಕಳ್ರಿ ಎಂದು ಮುದ್ದೆ ಇಟ್ಟು ಸಾರು ಬಡಿಸಿದಳು. ಘಮಘಮ ಬಾಡಿನ ಸಾರು. ಎಲ್ಲರೂ ಸುರಿದು ಸುರಿದು ಉಂಡರು. ಎರಡನೇ ಮುದ್ದೆ ಮುರಿಯುವಾಗ ಚಿಕ್ಕಪ್ಪ, ಬಾಡು ಬಲೇ ಮೆತ್ತಗೈತೆ ಅತ್ತಿಗೆ, ಯಾರ ಮನೇಲಿ ಕುರಿ ಕೊಯ್ದಿದ್ರು ಎಂದ.

"ಕುರಿ ಎಲ್ಲೀದಪ್ಪ. ನೀವು ಹುಡುಕ್ತಿದ್ರಲ್ಲ, ಅದೇ."

ಮೇವು ಕೊಯ್ಯಲು ಹೊಲಕ್ಕೆ ಹೋದ ಅವ್ವ ಅದನ್ನು ಎಡವಿ ಬಿದ್ದಿದ್ದಳು. ನಿಂತ ಜಾಗದಲ್ಲೇ ಮಡಚಿ ಬಿದ್ದಿತ್ತಂತೆ. ಕೂಗಿದರೆ ಗಂಡಸರೆಲ್ಲ ಮಟ್ಟಿಯ ಮೇಲೆ. ಬಿಸಿಲಿಗೆ ಕೆಡುತ್ತದೆ ಎಂದು ಪಕ್ಕದ ಹೊಲದ ಹೆಂಗಸರನ್ನು ಕರೆದು, ಹುಲ್ಲಲ್ಲಿ ಸುಟ್ಟು ಹೆರೆದು, ಕೊಯ್ದು, ಅವರವರ ಪಾಲು ಅವರಿಗೆ ಹಾಕಿ, ಸಾರಿಗಿಟ್ಟು ಮುಗಿಸಿದ್ದಳು.

ಅಪ್ಪ ಒಳಗಿಂದ ಎಲೆಯಲ್ಲಿ ಕಟ್ಟಿದ್ದನ್ನು ತಂದು ತಮ್ಮನ ಮುಂದೆ ಬಿಚ್ಚಿದ. ಗುಂಡಿಗೆ. ನಟ್ಟನಡುವೆ ತೂತು. ಕಣ್ಣು ಕಾಣದ ಅಪ್ಪ ತೂತಿಗೆ ಬೆರಳು ತೂರಿಸಿ ಎತ್ತಿ ಹಿಡಿದು, ಈಗ ಹೇಳಪ್ಪ ಎಂದ. ಹಳಬರು ಉಣ್ಣುವುದು ನಿಲ್ಲಿಸಿದರು. ಚಿಕ್ಕಪ್ಪ ಅದನ್ನು ತುಂಬ ಹೊತ್ತು ನೋಡಿದ. ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ.

"ಈ ತೂತು," ಎಂದ ಕೊನೆಗೆ, "ನಾನು ಹೋದ ವರ್ಷ ಹೊಡ್ದಿದ್ದು."

ಹಳಬನೊಬ್ಬನಿಗೆ ಸಾರು ನೆತ್ತಿಗೇರಿ, ಇನ್ನೊಬ್ಬ ಬೆನ್ನು ಗುದ್ದಬೇಕಾಯಿತು. ಅವ್ವ ನಗಲಿಲ್ಲ. ಚಿಕ್ಕಪ್ಪನ ಖಾಲಿ ತಟ್ಟೆಯ ಮೇಲೆ ತುಂಬಿದ ಸೌಟು ಹಿಡಿದು ಹಂಗೇ ನಿಂತಳು, ಬಗ್ಗಿಸಲಿಲ್ಲ. ಚಿಕ್ಕಪ್ಪ ಸೌಟು ನೋಡಿದ, ಅವ್ವನ ಮುಖ ನೋಡಿದ, ನನ್ನ ಕಡೆಗೆ ಎಡಗೈ ಚಾಚಿದ. ಬಲಗೈ ಎಂಜಲಾಗಿತ್ತು. ಎಡಗೈಯಲ್ಲಿ ಸೊಟ್ಟಸೊಟ್ಟಗೆ ಹಾಕಿದ ಆ ಸಹಿಯನ್ನು ದುರ್ಗದವರು ತಿರುಗಿಸಿ ಮುರುಗಿಸಿ ನೋಡಿದರೂ ಒಪ್ಪಿಕೊಂಡರು.

ಈಗ ಹೊಲವೂ ನನ್ನ ಹೆಸರಲ್ಲಿದೆ, ಬಂದೂಕೂ ನನ್ನ ಹೆಸರಲ್ಲಿದೆ. ಎರಡು ಸಾವಿರದ ಇಸವಿಯಿಂದ ಈಚೆಗೆ ಹಂದಿ ಹೊಡೆಯುವುದನ್ನು ಬಿಟ್ಟೆ. ಬರೀ ಮದ್ದು ಹಾಕಿ ಸದ್ದು ಮಾಡಿ ಓಡಿಸುತ್ತೇನೆ. ಇದಕ್ಕೆಲ್ಲ ಕೊಟ್ಟದ್ದು ನನ್ನ ಎಡಗಿವಿ. ಅದು ಈಗ ಪೂರಾ ಕಿವುಡು. ನಷ್ಟ ಅಂತೇನೂ ಅನ್ನಿಸಿಲ್ಲ. ಚಿಕ್ಕಪ್ಪ ಮನೆಗೆ ಬಂದರೆ ಆ ಕಡೆಗೇ ಕೂರಿಸುತ್ತೇನೆ.